ಕಂಪ್ಯೂಟರ್ ಪ್ರಶ್ನೋತ್ತರ: ಮೌಸ್ ಬಾಣ ಬದ್ಲಿ ಮಾಡೋದು, ಮತ್ತ ವಾಪಸ್ ತರೋದು

ಹೋದ ಸಂಚಿಕ್ಯಾಗ ಬಿಲ್ಲಿಂಗ್ ಸಾಫ್ಟ್‌ವೇರ್ ಹ್ಯಾಂಗ್ ಆದಂಗ ಕಾಣೋದರ ಬಗ್ಗೆ ಒಂದ್ ಸಣ್ಣ ಉತ್ತರ ಕೊಟ್ಟಿದ್ವಿ, ಅದರ ಕೊನಿಗೆ "ಕೆಲಸ ನಡದಾಗ ಮೌಸ್ ಕರ್ಸರ್ ಬದ್ಲಿ ಮಾಡಿ ತೋರಿಸ್ರಿ" ಅಂತ ಒಂದೇ ಸಾಲು ಇತ್ತು. ಆ ಒಂದ್ ಸಾಲಿಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡಿಯಿಂದ ಪ್ರಶ್ನೆ ಬಂದಾವ, ಅದಕ ಈ ಸಲದ ಕಾಲಂ ಪೂರಾ ಅದಕ್ಕೇ ಬಿಟ್ಟೀವಿ. ಸಣ್ಣ ವಿಷಯ ಅಂತ ಅನ್ನಿಸಬಹುದು ಆದ್ರ ಕಂಪ್ಯೂಟರ್ ಮುಂದ ದಿನಾ ಎಂಟು ತಾಸು ಕುಂದ್ರೋರ ಕಣ್ಣು ಆ ಬಾಣದ ಮ್ಯಾಲೇ ಇರ್ತೈತಿ, ಕೆಳಗ ಮೂಲ್ಯಾಗ ಏನ್ ಮೆಸೇಜ್ ಬರದ್ರೂ ಅವರು ನೋಡಂಗಿಲ್ಲ, ಹಂಗಾಗಿ ಪ್ರೋಗ್ರಾಂ ಬರಿಯೋರು ಆ ಬಾಣದ ಮೂಲಕ ಏನ್ ಹೇಳ್ತಾರೋ ಅದು ಖರೇ ಇರಬೇಕು ಅನ್ನೋದು ನನ್ನ ಮಾತು. ಕೆಲಸ ನಡದೈತಿ ಅಂತ ತೋರಿಸಿದ್ರ ಕೆಲಸ ನಡದಿರಬೇಕು, ಮುಗೀತು ಅಂತ ತೋರಿಸಿದ್ರ ಮುಗದಿರಬೇಕು.

ಪ್ರಶ್ನೆ: ಸರ, ನಮ್ದು ರೈಸ್ ಮಿಲ್ಲು. ಲಾರಿ ಲೋಡ್ ಆದಮ್ಯಾಲ ಬಿಲ್ ಮಾಡೋ ಸಾಫ್ಟ್‌ವೇರ್ ವಿಬಿ 6 (ವಿಶುವಲ್ ಬೇಸಿಕ್) ರಾಗ ಮಾಡಿದ್ದು, ಹಳೇದು. ಸೇವ್ ಒತ್ತಿದ್ರ ಸರ್ವರ್‌ಗೆ ಹೋಗಿ ಬರಾಕ ಟೈಮ್ ತಗೊಂತೈತಿ, ಅಷ್ಟರಾಗ ನಮ್ಮ ಹುಡುಗ ಮತ್ತ ಒತ್ತತಾನ, ಒಂದೇ ಲಾರಿಗೆ ಎರಡು ಬಿಲ್ ಬೀಳ್ತಾವ. ಕರ್ಸರ್ ಮರಳು ಗಡಿಯಾರ ಮಾಡಿಸಿ ನೋಡಿದ್ವಿ, ಆದ್ರೂ ಎರಡು ಬಿಲ್ ಬೀಳೋದು ನಿಂತಿಲ್ಲ. ಮ್ಯಾಲ ಒಮ್ಮೊಮ್ಮೆ ಬಿಲ್ ಆಗ್ಲಾರದ ಎರರ್ ಬಂದ್ರ ಆ ಕರ್ಸರ್ ಹಂಗೇ ಉಳದುಬಿಡ್ತೈತಿ, ಪ್ರೋಗ್ರಾಂ ಬಂದ್ ಮಾಡಿ ಮತ್ತ ತಗೀಬೇಕು.
— ಮಿಲ್ಲಿನ ಲೆಕ್ಕ ಬರಿಯೋರು, ಗಂಗಾವತಿ

ಉತ್ತರ: ಯಜಮಾನ್ರ, ನೀವು ಕೇಳಿದ್ದರಾಗ ಎರಡು ರೋಗ ಅದಾವ, ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ.

ಮೊದಲನೇದು ಎರಡು ಬಿಲ್ಲು. ಕರ್ಸರ್ ಬದ್ಲಿ ಮಾಡಿದ್ರ ಕ್ಲಿಕ್ ನಿಲ್ಲತಾವ ಅಂತ ಭಾಳ ಮಂದಿ ತಿಳ್ಕೊಂಡಾರ, ಹಂಗಿಲ್ಲ. ಕರ್ಸರ್ ಬರೇ ಚಿತ್ರ. ನಿಮ್ಮ ಪ್ರೋಗ್ರಾಂ ಸರ್ವರ್ ಜೋಡಿ ಮಾತಾಡ್ಕೊಂತ ಕುಂತಾಗ ಹುಡುಗ ಒತ್ತಿದ ಕ್ಲಿಕ್ ಎಲ್ಲಿಗೂ ಹೋಗಂಗಿಲ್ಲ, ವಿಂಡೋಸ್ ಅದನ್ನ ಆ ಪ್ರೋಗ್ರಾಂ ಹೆಸರಿನ ಸಾಲಿನ್ಯಾಗ ಹಚ್ಚಿ ಇಟ್ಟಿರ್ತೈತಿ, ರೇಷನ್ ಅಂಗಡಿ ಪಾಳೇದಾಗ ಚೀಲ ಇಟ್ಟು ಹೋದಂಗ. ಮೊದಲನೇ ಬಿಲ್ ಮುಗದು ಪ್ರೋಗ್ರಾಂ ಖಾಲಿ ಆಗೋದೇ ತಡ, ಆ ಕಾಯ್ಕೊಂಡಿದ್ದ ಕ್ಲಿಕ್ ಮುಂದ ಬಂದು ಸೇವ್ ಬಟನ್ ಮತ್ತ ಒತ್ತಿದಂಗ ಆಗ್ತೈತಿ, ಅಲ್ಲಿಗೆ ಎರಡನೇ ಬಿಲ್ ತಯಾರು.

ಇದಕ್ಕ ಎಲ್ಲರೂ ಹೇಳೋ ಉಪಾಯ ಸೇವ್ ಬಟನ್ ಡಿಸೇಬಲ್ ಮಾಡೋದು, ಅಂದ್ರ ಒತ್ತಿದ್ರೂ ಕೆಲಸ ಮಾಡದಂಗ ಮುಚ್ಚಿಡೋದು. ಅದು ಸರಿ, ಆದ್ರ ಅದ್ರಾಗ ಒಂದ್ ಸೂಕ್ಷ್ಮ ಐತಿ, ಅದನ್ನ ಬಿಟ್ಟಿದ್ದಕ್ಕೇ ಭಾಳ ಕಡೆ ಡಿಸೇಬಲ್ ಮಾಡಿದ್ರೂ ಎರಡು ಬಿಲ್ ಬೀಳ್ತಿರ್ತಾವ. ಪ್ರೊಸೀಜರ್ (ಬಟನ್ ಒತ್ತಿದಾಗ ನಡಿಯೋ ಕೋಡು) ಶುರುವಿಗೆ ಬಟನ್ ಡಿಸೇಬಲ್, ಕೆಲಸ, ಕೊನಿಗೆ ಎನೇಬಲ್ ಅಂತ ಬರದಿರ್ತಾರ. ಕಾಯ್ಕೊಂಡು ನಿಂತ ಕ್ಲಿಕ್ಕು ಹೊರಗ ಬರೋದು ಪ್ರೊಸೀಜರ್ ಪೂರಾ ಮುಗದಮ್ಯಾಲ, ಅಷ್ಟೊತ್ತಿಗೆ ಬಟನ್ ಎನೇಬಲ್ ಆಗಿಬಿಟ್ಟಿರ್ತೈತಿ, ಕ್ಲಿಕ್ ಸೀದಾ ಬಟನ್ ಮ್ಯಾಲ ಬೀಳ್ತೈತಿ. ಅದಕ ಕೆಲಸ ಮುಗಿದ ಕೂಡ್ಲೆ, ಬಟನ್ ಇನ್ನೂ ಡಿಸೇಬಲ್ ಇರೋವಾಗ್ಲೇ, ಡುಇವೆಂಟ್ಸ್ ಅಂತ ಒಂದ್ ಸಾಲು ಬರೀಬೇಕು. ಅದು ಸಾಲಿನ್ಯಾಗ ನಿಂತಿದ್ದೆಲ್ಲಾ ಹೊರಗ ಬಿಡ್ತೈತಿ, ಬಟನ್ ಮುಚ್ಚಿರೋದ್ರಿಂದ ಕ್ಲಿಕ್ ಸುಮ್ನ ಬಿದ್ದು ಹೋಗ್ತೈತಿ. ಆಮ್ಯಾಲ ಎನೇಬಲ್ ಮಾಡ್ರಿ. ಒಂದೇ ಸಾಲು, ಆದ್ರ ಜಾಗ ಮುಖ್ಯ. ಆ ಫಾರ್ಮ್‌ನ್ಯಾಗ ಪ್ರಿಂಟ್, ಕ್ಲೋಸ್ ಅಂತ ಬ್ಯಾರೆ ಬಟನ್ ಇದ್ರ ಅವನ್ನೂ ಆ ಹೊತ್ತಿಗೆ ಮುಚ್ಚಿಡ್ರಿ, ಯಾಕಂದ್ರ ಡುಇವೆಂಟ್ಸ್ ಅನ್ನೋದು ಎಲ್ಲಾ ಕ್ಲಿಕ್ಕನ್ನೂ ಬಿಡ್ತೈತಿ, ಬರೇ ಸೇವ್ ಕ್ಲಿಕ್ಕನ್ನಲ್ಲ. ಇಷ್ಟೆಲ್ಲಾ ಮಾಡಿದ್ರೂ ಡೇಟಾಬೇಸ್ ಕಡೀಗೆ ಒಂದ್ ಬೀಗ ಇರ್ಲಿ, ಗೇಟ್‌ಪಾಸ್ ನಂಬರ್ ಒಂದಕ್ಕ ಒಂದೇ ಬಿಲ್ ಅಂತ ಯುನೀಕ್ ಮಾಡಿಸ್ರಿ. ರೊಕ್ಕದ ವ್ಯವಹಾರ ಬಟನ್ ಒಂದನ್ನೇ ನಂಬಿ ಇರಬಾರ್ದು.

ಎರಡನೇದು ಉಳದುಬಿಡೋ ಕರ್ಸರ್. ನಿಮ್ಮ ಪ್ರೋಗ್ರಾಂ ಬರದವರು ಸ್ಕ್ರೀನ್ ಡಾಟ್ ಮೌಸ್‌ಪಾಯಿಂಟರ್‌ಗೆ ವಿಬಿ ಅವರ್‌ಗ್ಲಾಸ್ (ಮರಳು ಗಡಿಯಾರ) ಅಂತ ಕೊಟ್ಟಿರ್ತಾರ, ಅದರ ನಂಬರ್ 11, ವಾಪಸ್ ತರೋದು ವಿಬಿ ಡಿಫಾಲ್ಟ್, ಅಂದ್ರ 0. ವಾಪಸ್ ತರೋ ಸಾಲು ಪ್ರೊಸೀಜರ್ ಕೊನಿಗೆ ಐತಿ, ನಡುವ ಎರರ್ ಬಂದ್ರ ಪ್ರೋಗ್ರಾಂ ಎರರ್ ಲೇಬಲ್‌ಗೆ (ಕೋಡಿನ್ಯಾಗ ಹೆಸರಿಟ್ಟ ಜಾಗಕ್ಕ) ಜಿಗೀತೈತಿ, ಆ ಸಾಲಿಗೆ ಬರೋದೇ ಇಲ್ಲ. ಹಂಗಾಗಿ ವಾಪಸ್ ತರೋ ಕೆಲಸನ ಒಂದ್ ಲೇಬಲ್ ಕೆಳಗ ಇಡ್ರಿ, ಚಲೋ ಮುಗದ್ರೂ ಅಲ್ಲಿಂದಾನೇ ಹೊರಗ ಹೋಗಬೇಕು, ಎರರ್ ಬಂದ್ರೂ ಅಲ್ಲಿಂದಾನೇ ಹೋಗಬೇಕು. ಮೆಸೇಜ್ ಬಾಕ್ಸ್ ತೋರಿಸೋದು ಇದ್ರ ಅದಕ್ಕೂ ಮುಂಚೆ ಕರ್ಸರ್ ವಾಪಸ್ ತರ್ರಿ. ಪ್ರೋಗ್ರಾಂ "ಓಕೆ ಒತ್ರಿ" ಅಂತ ಕಾಯ್ತಿರ್ತೈತಿ, ಕರ್ಸರ್ ನೋಡಿದ್ರ "ನೀವ್ ಕಾಯ್ರಿ" ಅಂತಿರ್ತೈತಿ, ಎದುರು ಕುಂತ ಮನಷ್ಯಾ ಯಾರ ಮಾತು ಕೇಳಬೇಕು?

ಇನ್ನೊಂದು, ವಾಪಸ್ ತರೋವಾಗ ಯಾವಾಗ್ಲೂ ಡಿಫಾಲ್ಟ್ ಕೊಡೋದರಾಗೂ ತೊಂದ್ರಿ ಐತಿ. ಸೇವ್ ಪ್ರೊಸೀಜರ್ ಒಳಗಿಂದ ಸ್ಟಾಕ್ ಕಡಿಮಿ ಮಾಡೋ ಪ್ರೊಸೀಜರ್ ಕರದಿರ್ತೀರಿ, ಅದೂ ಕರ್ಸರ್ ಬದ್ಲಿ ಮಾಡಿ ತನ್ನ ಕೆಲಸ ಮುಗಿಸಿ ಡಿಫಾಲ್ಟ್ ಮಾಡಿ ಹೋಗ್ತೈತಿ, ಹೊರಗಿನ ಕೆಲಸ ಇನ್ನೂ ಅರ್ಧ ಉಳದಿರ್ತೈತಿ ಆದ್ರ ಬಾಣ ಬಂದಿರ್ತೈತಿ, ಹುಡುಗ ಮುಗೀತು ಅಂತ ಮತ್ತ ಒತ್ತತಾನ. ಮೊದಲು ಯಾವ್ದಿತ್ತೋ ಅದನ್ನ ಒಂದ್ ವೇರಿಯೇಬಲ್‌ನ್ಯಾಗ ಇಟ್ಕೊಂಡು ಕೊನಿಗೆ ಅದನ್ನೇ ಕೊಡಬೇಕು. ವಿಬಿ 6 ಬಂದಿದ್ದು 1998 ರಾಗ, ಅಷ್ಟು ಹಳೇ ಪ್ರೋಗ್ರಾಂ ಇನ್ನೂ ಕೆಲಸ ಮಾಡ್ತೈತಿ ಅಂದ್ರ ಅದನ್ನ ಬಿಸಾಕೋದು ಬ್ಯಾಡ, ಈ ನಾಲ್ಕು ಸಾಲು ಸರಿ ಮಾಡಿಸ್ರಿ.

ಪ್ರಶ್ನೆ: ಸರ್, ನಾ ರಾಯಚೂರಾಗ ಇಂಜಿನಿಯರಿಂಗ್ ಓದ್ಲಿಕತ್ತೀನಿ. ಸಿ ಪ್ಲಸ್ ಪ್ಲಸ್‌ನಾಗ ಯಾವ ಲೈಬ್ರರಿನೂ ಇಲ್ದ ಸೀದಾ ವಿಂಡೋಸ್ ಎಪಿಐ (ವಿಂಡೋಸ್‌ನ ಸ್ವಂತ ಫಂಕ್ಷನ್‌ಗಳು) ಇಟ್ಕೊಂಡು ಒಂದು ಡ್ರಾಯಿಂಗ್ ಪ್ರೋಗ್ರಾಂ ಮಾಡ್ಲಿಕತ್ತೀನಿ. ಸೆಟ್‌ಕರ್ಸರ್ ಕರದ್ರ ಪ್ಲಸ್ ಗುರ್ತು ಬರ್ತದ, ಆದ್ರ ಮೌಸ್ ಒಂಚೂರು ಅಲುಗಾಡಿಸಿದ್ರ ಮತ್ತ ಬಾಣ ಆಗಿಬಿಡ್ತದ. ಯಾಕ?
— ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, ಲೈಬ್ರರಿ ಇಲ್ದ ಬರಿಯಾಕ ಕುಂತಿದ್ದು ಚಲೋ ಮಾಡೀದಿ, ಒಳಗ ಏನ್ ನಡೀತೈತಿ ಅಂತ ಕಣ್ಣಿಗೆ ಕಾಣೋದು ಹಿಂಗೇ. ಸೆಟ್‌ಕರ್ಸರ್ ಅನ್ನೋದು ಆ ಕ್ಷಣಕ್ಕ ಮಾತ್ರ. ವಿಂಡೋಸ್ ಏನ್ ಮಾಡ್ತೈತಿ ಅಂದ್ರ ಮೌಸ್ ನಿನ್ನ ವಿಂಡೋ ಒಳಗ ಅಲುಗಾಡಿದಾಗೆಲ್ಲಾ, ಮೌಸ್‌ನ ಕ್ಯಾಪ್ಚರ್ ಮಾಡಿರದಿದ್ರ (ಒಂದೇ ವಿಂಡೋ ಹಿಡದಿಟ್ಕೊಂಡಿರದಿದ್ರ), "ಈಗ ಯಾವ ಕರ್ಸರ್ ತೋರಿಸ್ಲಿ?" ಅಂತ ಆ ವಿಂಡೋನ ಕೇಳ್ತೈತಿ. ಆ ಕೇಳೋ ಮೆಸೇಜಿನ ಹೆಸರು ಡಬ್ಲ್ಯೂಎಂ ಸೆಟ್‌ಕರ್ಸರ್. ನೀನು ಅದಕ್ಕ ಉತ್ತರ ಕೊಡದ ಬಿಟ್ರ ಡೆಫ್‌ವಿಂಡೋಪ್ರಾಕ್ (ವಿಂಡೋಸ್‌ನ ಮಾಮೂಲಿ ಉತ್ತರದ ಫಂಕ್ಷನ್) ಉತ್ತರ ಕೊಡ್ತೈತಿ: ಮೊದಲು ಪೇರೆಂಟ್, ಅಂದ್ರ ಹೊರಗಿನ ವಿಂಡೋನ ಕೇಳ್ತೈತಿ, ಅದು ಸುಮ್ನಿದ್ರ ವಿಂಡೋ ಕ್ಲಾಸ್ ರಿಜಿಸ್ಟರ್ ಮಾಡೋವಾಗ ನೀ ಕೊಟ್ಟಿದ್ದ ಕರ್ಸರ್ ಹಾಕ್ತೈತಿ. ನೀ ಅಲ್ಲಿ ಎಲ್ಲರಂಗ ಐಡಿಸಿ ಆರೋ, ಅಂದ್ರ ಮಾಮೂಲಿ ಬಾಣ ಕೊಟ್ಟಿರ್ತೀದಿ. ಬಾಣ ವಾಪಸ್ ಬರೋದು ಅಲ್ಲಿಂದ.

ಸರಿ ದಾರಿ ಅಂದ್ರ ಆ ಮೆಸೇಜ್‌ನ ನೀನೇ ಹಿಡೀಬೇಕು. ಮೆಸೇಜ್ ಜೋಡಿ ಬರೋ ಎಲ್‌ಪ್ಯಾರಂ ಅನ್ನೋ ಸಂಖ್ಯೆಯ ಕೆಳಗಿನ ಅರ್ಧದಾಗ ಮೌಸ್ ವಿಂಡೋದ ಯಾವ ಭಾಗದಾಗ ಐತಿ ಅನ್ನೋ ಕೋಡ್ ಇರ್ತೈತಿ, ಅದು ಎಚ್‌ಟಿ ಕ್ಲೈಂಟ್ (ಅಂಚು ಬಿಟ್ಟು ಒಳಗಿನ ಜಾಗ) ಇದ್ರ ಮಾತ್ರ ನಿನ್ನ ಕರ್ಸರ್ ಹಾಕಿ ಟ್ರೂ ಅಂತ ವಾಪಸ್ ಕೊಡು, ಇಲ್ಲಂದ್ರ ಡೆಫ್‌ವಿಂಡೋಪ್ರಾಕ್‌ಗೇ ಬಿಡು. ಈ ಪರೀಕ್ಷೆ ಇಲ್ದ ಎಲ್ಲಾ ಕಡೆ ನಿನ್ನ ಪ್ಲಸ್ ಹಾಕಿದ್ರ ವಿಂಡೋದ ಅಂಚಿಗೆ ಹೋದಾಗ ಬರೋ ಎರಡು ತಲೀ ಬಾಣ ಬರಂಗಿಲ್ಲ, ಬಳಸೋರಿಗೆ ವಿಂಡೋ ದೊಡ್ದು ಸಣ್ಣದು ಮಾಡಬಹುದು ಅನ್ನೋದೇ ಗೊತ್ತಾಗಂಗಿಲ್ಲ.

ಕೆಲವರು ಕ್ಲಾಸ್ ಕರ್ಸರ್ ನಲ್ (ಅಂದ್ರ ಏನೂ ಇಲ್ಲ) ಕೊಟ್ಟುಬಿಡು ಅಂತಾರ. ಆಗ ವಿಂಡೋಸ್ ಬಾಣ ಹಾಕಂಗಿಲ್ಲ ಖರೆ, ಆದ್ರ ನೀನೂ ಹಾಕದ ಬಿಟ್ಟ ಜಾಗದಾಗ ಮೊದಲು ಯಾವ್ದಿತ್ತೋ ಅದೇ ಅಂಟ್ಕೊಂಡಿರ್ತೈತಿ, ಅಂಚಿನಿಂದ ಒಳಗ ಬಂದ್ರ ಆ ಎರಡು ತಲೀ ಬಾಣಾನೇ ಒಳಗೂ ಉಳೀತೈತಿ. ಇನ್ನ ಕ್ಲಾಸ್ ಕರ್ಸರ್‌ನೇ ನಡುವ ಬದ್ಲಿ ಮಾಡೋ ಫಂಕ್ಷನ್ ಐತಿ, ಅದು ಆ ಕ್ಲಾಸಿನ ಎಲ್ಲಾ ವಿಂಡೋಗೂ ಹತ್ತತೈತಿ ಅನ್ನೋದು ನೆನಪಿರ್ಲಿ. ನಿನಗ ಮೆಸೇಜ್ ಹಿಡಿಯೋದೇ ಸರಿ, ಪೆನ್ಸಿಲ್ ಟೂಲ್ ತಗೊಂಡಾಗ ಒಂದು, ಅಳಸೋ ಟೂಲ್ ತಗೊಂಡಾಗ ಒಂದು ಅಂತ ಅಲ್ಲೇ ನೋಡಿ ಹಾಕಬಹುದು. ಕರ್ಸರ್ ಲೋಡ್ ಮಾಡೋದು ಮಾತ್ರ ಶುರುವಿಗೆ ಒಂದೇ ಸಲ ಮಾಡು, ಈ ಮೆಸೇಜ್ ಒಳಗ ಬ್ಯಾಡ.

ಪ್ರಶ್ನೆ: ನಮಸ್ತೆ ಸರ್, ನಾನು ಸಿಂಧನೂರಿನ ಬಿಸಿಎ ಕೊನೇ ವರ್ಷದ ಹುಡುಗಿ. ಪ್ರಾಜೆಕ್ಟಿಗೆ ಪೈಥಾನ್‌ನ ವಿಂಡೋ ಮಾಡೋ ಲೈಬ್ರರಿ ಟಿಕೆ ಇಂಟರ್‌ನಾಗ ಹತ್ತಿ ವ್ಯಾಪಾರದ ಲೆಕ್ಕದ ಪ್ರೋಗ್ರಾಂ ಮಾಡೀನಿ. ರಿಪೋರ್ಟ್ ಬಟನ್ ಒತ್ತಿದಾಗ ಕರ್ಸರ್ ವಾಚ್ ಮಾಡು ಅಂತ ಬರದೀನಿ, ಕೊನಿಗೆ ಮಾಮೂಲಿ ಮಾಡು ಅಂತನೂ ಬರದೀನಿ. ಓಡಿಸಿದ್ರ ಕರ್ಸರ್ ಬದ್ಲೇ ಆಗೋದಿಲ್ಲ. ಎರರ್‌ನೂ ಬರೋದಿಲ್ಲ.
— ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಇಲ್ಲ ತಂಗಿ, ಕೋಡಿನ್ಯಾಗ ತಪ್ಪಿಲ್ಲ, ಹೊತ್ತು ತಪ್ಪೈತಿ. ಕರ್ಸರ್ ಬದ್ಲಿ ಮಾಡೋ ಕಾನ್ಫಿಗ್ ಕರದಾಗ ಟಿಕೆ ಇಂಟರ್ ಅದನ್ನ ಬರೇ ಬರದಿಟ್ಕೊಂತೈತಿ, ಸ್ಕ್ರೀನ್ ಮ್ಯಾಲ ಮಾಡಿ ತೋರಿಸೋದು ಮೇನ್‌ಲೂಪ್‌ಗೆ (ಕ್ಲಿಕ್, ಕೀ ಎಲ್ಲಾ ನೋಡ್ಕೊಂತ ಸುತ್ತೋ ಮುಖ್ಯ ಕೋಡಿಗೆ) ಕಂಟ್ರೋಲ್ ವಾಪಸ್ ಹೋದಾಗ. ನಿನ್ನ ಫಂಕ್ಷನ್ ರಿಪೋರ್ಟ್ ಮುಗಿಯೋ ತನಕ ಕಂಟ್ರೋಲ್ ಬಿಡಂಗಿಲ್ಲ, ಬಿಡೋ ಹೊತ್ತಿಗೆ ಕರ್ಸರ್ ಮತ್ತ ಮಾಮೂಲಿ ಮಾಡು ಅಂತ ಬರದಾಗಿರ್ತೈತಿ. ಹಂಗಾಗಿ ನಿನಗೇನೂ ಕಾಣ್ಲಿಲ್ಲ. ವಾಚ್ ಅಂತ ಕೊಟ್ಟ ಮುಂದಿನ ಸಾಲಿಗೆ ರೂಟ್ ಡಾಟ್ ಅಪ್‌ಡೇಟ್ (ರೂಟ್ ಅಂದ್ರ ಮುಖ್ಯ ವಿಂಡೋ) ಕರದ್ರ ಕಾಣ್ತೈತಿ. ಆದ್ರ ಗಂಗಾವತಿಯವರಿಗೆ ಹೇಳಿದ ಮಾತು ಇಲ್ಲೂ ಐತಿ, ಅಪ್‌ಡೇಟ್ ಅಂದ್ರ ಕಾಯ್ಕೊಂಡಿದ್ದ ಕ್ಲಿಕ್‌ಗಳನ್ನೂ ನಡಸ್ತೈತಿ, ಅದಕ ಬಟನ್ ಡಿಸೇಬಲ್ ಮಾಡಿದಮ್ಯಾಲ ಕರಿ.

ರೂಟ್‌ಗೆ ಕೊಟ್ರ ಎಲ್ಲಾ ಕಡೆ ಬರ್ತೈತಿ ಅಂತನೂ ತಿಳ್ಕೋಬ್ಯಾಡ. ಬಟನ್, ಲೇಬಲ್ ತಮ್ಮದು ಏನೂ ಇಲ್ಲದಿದ್ರ ರೂಟ್‌ದೇ ತಗೊಂತಾವ, ಆದ್ರ ಎಂಟ್ರಿ ಮತ್ತ ಟೆಕ್ಸ್ಟ್ ಬಾಕ್ಸಿಗೆ ಬರಿಯೋ ಕಡ್ಡಿ ಕರ್ಸರ್ ಮೊದಲೇ ಇರ್ತೈತಿ, ಅವು ಬದ್ಲಾಗಂಗಿಲ್ಲ. ಹತ್ತಿ ತೂಕ ಹಾಕೋ ಬಾಕ್ಸ್ ಮ್ಯಾಲೇ ಮೌಸ್ ನಿಂತಿತ್ತು ಅಂದ್ರ ಎಲ್ಲಾ ಸರಿ ಇದ್ರೂ ನಿನಗ ವಾಚ್ ಕಾಣಂಗಿಲ್ಲ, ಅವಕ್ಕೂ ಬ್ಯಾರೆ ಕೊಡಬೇಕು. ವಾಪಸ್ ತರೋವಾಗ ರೂಟ್‌ಗೆ ಖಾಲಿ ಸ್ಟ್ರಿಂಗ್ ಕೊಡು, ಬಾಕ್ಸ್‌ಗೆ ಮೊದಲಿದ್ದ ಹೆಸರು ಕೊಡು, ಅದನ್ನ ಫೈನಲಿ ಒಳಗ ಇಡು, ಫೈಲ್ ಸಿಗದ ಎರರ್ ಬಂದ್ರೂ ಅದು ನಡದೇ ನಡೀತೈತಿ.

ರಿಪೋರ್ಟ್ ಎರಡ್ಮೂರು ಸೆಕೆಂಡಿನ್ಯಾಗ ಮುಗಿಯೋದಿದ್ರ ಇಷ್ಟು ಸಾಕು. ಅದಕ್ಕಿಂತ ಹೆಚ್ಚಾದ್ರ ಕೆಲಸನ ಬ್ಯಾರೆ ಥ್ರೆಡ್‌ಗೆ (ಪಕ್ಕದಾಗ ತನ್ನಷ್ಟಕ್ಕ ನಡಿಯೋ ದಾರಿಗೆ) ಹಾಕು, ಯಾಕಂದ್ರ ಪ್ರೋಗ್ರಾಂ 5 ಸೆಕೆಂಡು ಮೆಸೇಜ್ ತಗೊಳ್ಳದ ಕುಂತ್ರ ವಿಂಡೋಸ್ ಅದನ್ನ ನಾಟ್ ರೆಸ್ಪಾಂಡಿಂಗ್ ಅಂತ ಲೆಕ್ಕ ಹಿಡೀತೈತಿ, ವಿಂಡೋ ಬೆಳ್ಳಗ ಆಗ್ತೈತಿ, ಆಗ ನೀ ಹಾಕಿದ ಕರ್ಸರ್‌ಗೆ ಬೆಲೆ ಇಲ್ಲ. ಥ್ರೆಡ್ ಒಳಗಿಂದ ಬಟನ್, ಲೇಬಲ್ ಯಾವ್ದನ್ನೂ ಮುಟ್ಟಬ್ಯಾಡ, ಉತ್ತರನ ಕ್ಯೂ ಒಳಗ ಇಟ್ಟು ಹೋಗ್ಲಿ, ಇತ್ಲಾಗ ರೂಟ್ ಡಾಟ್ ಆಫ್ಟರ್ ಇಟ್ಕೊಂಡು ಆಗಾಗ ನೋಡ್ತಿರು, ಬಂದ ಕೂಡ್ಲೆ ಕರ್ಸರ್ ವಾಪಸ್ ತಗೊಂಬಾ. ವೈವಾದಾಗ ಕೇಳಿದ್ರ ಇದನ್ನ ಧೈರ್ಯಾಗಿ ಹೇಳು, ಮೇನ್‌ಲೂಪ್ ತಿಳದವರು ಪೂರಾ ಟಿಕೆ ಇಂಟರ್ ತಿಳದಂಗ.

ಪ್ರಶ್ನೆ: ಮೌಸ್ ಬಾಣ ಯಾಕ ಸೊಟ್ಟ ಇರ್ತೈತಿ? ನೆಟ್ಟಗ ಯಾಕ ಇಟ್ಟಿಲ್ಲ?
— ಒಂಬತ್ತನೇ ಕ್ಲಾಸ್, ಕುಷ್ಟಗಿ

ಉತ್ತರ: ಚಲೋ ಪ್ರಶ್ನೆ ಕೇಳೀದಿ. ಮೊದಲು ನೆಟ್ಟಗೇ ಇತ್ತು. ಮೌಸ್ ಕಂಡುಹಿಡದ ಡಗ್ಲಸ್ ಎಂಗೆಲ್‌ಬಾರ್ಟ್ 1968 ರ ಡಿಸೆಂಬರ್ 9 ಕ್ಕ ಸ್ಯಾನ್ ಫ್ರಾನ್ಸಿಸ್ಕೋದಾಗ ಅದನ್ನ ಜನರ ಮುಂದ ತೋರಿಸಿದಾಗ ಬಾಣ ಮ್ಯಾಲಕ್ಕ ನೋಡ್ತಿತ್ತು. ಆಮ್ಯಾಲ ಜೆರಾಕ್ಸ್ ಕಂಪನಿಯ ಪಾರ್ಕ್ ಲ್ಯಾಬಿನ್ಯಾಗ 1973 ರಾಗ ಆಲ್ಟೋ ಅಂತ ಕಂಪ್ಯೂಟರ್ ಬಂತು, ಅದರ ಕರ್ಸರ್‌ಗೆ ಅಡ್ಡಕ್ಕ 16 ಉದ್ದಕ್ಕ 16 ಚುಕ್ಕಿ ಅಷ್ಟೇ ಜಾಗ. ಅಷ್ಟು ಕಡಿಮಿ ಚುಕ್ಕಿಯಾಗ ಒಂದ್ ಕಡೆ ನೆಟ್ಟಗ, ಒಂದ್ ಕಡೆ 45 ಡಿಗ್ರಿ ಓರೆ ಗೆರಿ ಎಳದ್ರ ಬಾಣ ಸ್ವಚ್ಛ ಕಾಣ್ತೈತಿ. ಗ್ರಾಫ್ ಹಾಳಿ ಮ್ಯಾಲ ಎರಡೂ ಬರದು ನೋಡು.

ಪ್ರಶ್ನೆ: ಸರ್ ನಮ್ದು ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್ಟು. ಪ್ಯಾಂಟಿನ ಫೋಟೋ ಮೇಲೆ ಎಲ್ಲಿ ಎಂಬ್ರಾಯ್ಡರಿ ಬರಬೇಕು ಅಂತ ಗುರ್ತು ಹಾಕೋಕೆ ನಮ್ಮ ತಮ್ಮ ಸಿ ಶಾರ್ಪ್ ವಿಂಡೋಸ್ ಫಾರ್ಮ್ಸ್‌ನಲ್ಲಿ ಒಂದು ಪ್ರೋಗ್ರಾಂ ಮಾಡಿದಾನೆ. ಕರ್ಸರ್ ಸೂಜಿ ಥರ ಇರಲಿ ಅಂತ ಕೆಂಪು ಸೂಜಿ ಚಿತ್ರ ಮಾಡಿ ಹಾಕಿದ್ವಿ. ಒಂದು, ಅದು ಕಪ್ಪು ಬಿಳುಪು ಬರ್ತೈತೆ. ಎರಡು, ಸೂಜಿ ಮೊನೆ ಇಟ್ಟು ಒತ್ತಿದ್ರೆ ಗುರ್ತು ಅದರ ಮೇಲ್ಗಡೆ ಎಲ್ಲೋ ಬೀಳ್ತೈತೆ. ಮೊದಲು ಪ್ಲಸ್ ಗುರ್ತು ಇಟ್ಟಿದ್ವಿ, ಅದು ಕೆಲವು ಬಟ್ಟೆ ಫೋಟೋ ಮೇಲೆ ಕಾಣಿಸ್ತಾನೇ ಇರಲಿಲ್ಲ.
— ಯೂನಿಟ್ ನಡೆಸೋರು, ಬಳ್ಳಾರಿ

ಉತ್ತರ: ಅಣ್ಣಾರ, ಮೂರೂ ಪ್ರಶ್ನೆ ಕೆಲಸದಾಗ ಮುಳುಗಿ ನೋಡಿದವರು ಕೇಳೋ ಪ್ರಶ್ನೆ, ಒಂದೊಂದೇ ಹೇಳ್ತೀನಿ.

ಗುರ್ತು ಬ್ಯಾರೆ ಕಡೆ ಬೀಳೋದು ಹಾಟ್‌ಸ್ಪಾಟ್ ತೊಂದ್ರಿ. ಕರ್ಸರ್ ಎಷ್ಟ್ ದೊಡ್ಡ ಚಿತ್ರ ಇದ್ರೂ ಕಂಪ್ಯೂಟರಿಗೆ ಅದ್ರಾಗ ಒಂದೇ ಒಂದು ಚುಕ್ಕಿ ಲೆಕ್ಕ, ಕ್ಲಿಕ್ ಬೀಳೋದು ಆ ಚುಕ್ಕಿ ಇರೋ ಕಡೆ. ಚಿತ್ರನ ಕರ್ಸರ್ ಫೈಲ್ ಮಾಡೋವಾಗ ಏನೂ ಹೇಳದಿದ್ರ ಆ ಚುಕ್ಕಿ ಮ್ಯಾಲಿನ ಎಡ ಮೂಲ್ಯಾಗ, ಅಂದ್ರ 0, 0 ರಾಗ ಇರೋದೇ ಹೆಚ್ಚು. ನಿಮ್ಮ ಸೂಜಿ ಮೊನಿ ಕೆಳಗೈತಿ. 32 ಚುಕ್ಕಿ ಚೌಕದಾಗ ಮೊನಿ ಎಡದಿಂದ 3, ಮ್ಯಾಲಿಂದ 28 ರಾಗ ಇತ್ತು ಅಂದ್ಕೋರಿ, ನೀವು ಮೊನಿ ನೋಡಿ ಒತ್ತತೀರಿ, ಗುರ್ತು 28 ಚುಕ್ಕಿ ಮ್ಯಾಲ ಬೀಳ್ತೈತಿ, ನೀವ್ ಹೇಳಿದಂಗ. ಕರ್ಸರ್ ಎಡಿಟರ್‌ನ್ಯಾಗ ಆ ಫೈಲ್ ತಗದು ಹಾಟ್‌ಸ್ಪಾಟ್‌ನ ಮೊನಿ ಮ್ಯಾಲ ಇಟ್ಟು ಸೇವ್ ಮಾಡ್ರಿ. ಐಕಾನ್ ಫೈಲಿನ ಹೆಸರಿನ ಬಾಲ ಬದ್ಲಿ ಮಾಡಿ ಕರ್ಸರ್ ಅಂತ ಕೊಡೋದು ನಡಿಯಂಗಿಲ್ಲ, ಎರಡೂ ಫೈಲಿನ ಒಳ ರಚನೆ ಒಂದೇ ಥರ ಇದ್ರೂ ಐಕಾನ್‌ಗೆ ಶುರುವಿನ್ಯಾಗ 1 ಅಂತ ಇರ್ತೈತಿ, ಕರ್ಸರ್‌ಗೆ 2, ಮತ್ತ ಹಾಟ್‌ಸ್ಪಾಟ್ ಬರಿಯೋ ಜಾಗದಾಗ ಐಕಾನ್ ಫೈಲ್ ಬಣ್ಣದ ಲೆಕ್ಕ ಇಟ್ಟಿರ್ತೈತಿ.

ಬಣ್ಣ ಬರ್ಲಾರದ್ದು ನಿಮ್ಮ ತಮ್ಮಂದು ತಪ್ಪಲ್ಲ. ವಿಂಡೋಸ್ ಫಾರ್ಮ್ಸ್‌ನ ಕರ್ಸರ್ ಕ್ಲಾಸಿಗೆ ಫೈಲ್ ಕೊಟ್ಟು ಮಾಡಿದ್ರ ಕಪ್ಪು ಬಿಳುಪು ಬಿಟ್ಟು ಬ್ಯಾರೆ ಬಣ್ಣ ಬರಂಗಿಲ್ಲ, ಅಲುಗಾಡೋ ಕರ್ಸರ್‌ನೂ ಬರಂಗಿಲ್ಲ ಅಂತ ಮೈಕ್ರೋಸಾಫ್ಟ್ ತನ್ನ ಡಾಕ್ಯುಮೆಂಟೇಶನ್‌ನ್ಯಾಗೇ ಬರದೈತಿ. ದಾರಿ ಏನಂದ್ರ ಯೂಸರ್ 32 ಡಿಎಲ್‌ಎಲ್ ಒಳಗಿನ ಲೋಡ್‌ಕರ್ಸರ್‌ಫ್ರಮ್‌ಫೈಲ್ ಅನ್ನೋ ಫಂಕ್ಷನ್‌ನ ಡಿಎಲ್‌ಎಲ್ ಇಂಪೋರ್ಟ್ ಮಾಡಿ ಕರೀಬೇಕು, ಅದು ಕೊಡೋ ಹ್ಯಾಂಡಲ್ (ವಿಂಡೋಸ್ ಆ ಕರ್ಸರ್‌ಗೆ ಕೊಡೋ ಗುರ್ತಿನ ನಂಬರ್) ಇಟ್ಕೊಂಡು ಹೊಸ ಕರ್ಸರ್ ಮಾಡ್ಕೋಬೇಕು, ಕೆಂಪು ಸೂಜಿ ಕೆಂಪೇ ಬರ್ತೈತಿ. ಪ್ರೋಗ್ರಾಂ ಶುರು ಆದಾಗ ಒಂದ್ ಸಲ ಮಾಡಿ ಇಟ್ಕೊಳ್ಳಾಕ ಹೇಳ್ರಿ. ಮೌಸ್‌ಮೂವ್ ಒಳಗ ಪ್ರತಿ ಸಲ ಲೋಡ್ ಮಾಡೋರನ್ನ ನಾ ನೋಡೀನಿ, ಒಂದ್ ಪ್ರೋಗ್ರಾಂಗೆ ಇಂಥ ಹ್ಯಾಂಡಲ್ 10,000 ಅಂತ ವಿಂಡೋಸ್ ಮಾಮೂಲಿ ಮಿತಿ ಇಟ್ಟೈತಿ, ಬಿಡಿಸದ ಲೋಡ್ ಮಾಡ್ಕೊಂತ ಹೋದ್ರ ಮಧ್ಯಾಹ್ನದ ಹೊತ್ತಿಗೆ ಬಟನ್ ಮೂಡದ, ಮೆನು ತಗೀಲಾರದ ಪರಿಸ್ಥಿತಿ ಬರ್ತೈತಿ, ಆವಾಗ ಕಾರಣ ಕರ್ಸರ್ ಅಂತ ಯಾರಿಗೂ ಹೊಳಿಯಂಗಿಲ್ಲ.

ಇನ್ನ ಪ್ಲಸ್ ಮಾಯ ಆಗೋದು. ಆ ಹಳೇ ಪ್ಲಸ್ ಮತ್ತ ಬರಿಯೋ ಕಡ್ಡಿ ಕರ್ಸರ್‌ಗೆ ತಮ್ಮ ಬಣ್ಣ ಇಲ್ಲ, ಕೆಳಗಿನ ಬಣ್ಣನ ತಿರುವಿ ಹಾಕ್ತಾವ, ಬಿಳಿ ಮ್ಯಾಲ ಕಪ್ಪು, ಕಪ್ಪಿನ ಮ್ಯಾಲ ಬಿಳಿ. ನಡುವಿನ ಬೂದು ಬಣ್ಣ ತಿರುವಿದ್ರ ಮತ್ತ ಹೆಚ್ಚೂಕಮ್ಮಿ ಅದೇ ಬೂದು, 255 ರಾಗ 128 ಕಳದ್ರ 127 ಉಳೀತೈತಿ, ಎರಡಕ್ಕೂ ಕಣ್ಣಿಗೆ ಫರಕ್ ಗೊತ್ತಾಗಂಗಿಲ್ಲ. ನಿಮ್ಮ ಕಾಣದ ಫೋಟೋ ಎಲ್ಲಾ ಬೂದಿ ಬಣ್ಣದ ವಾಶ್ ಪೀಸ್ ಇರಬೇಕು, ತಗದು ನೋಡ್ರಿ. ಸೂಜಿಗೂ ಇದೇ ಎಚ್ಚರ ಇರ್ಲಿ, ಕೆಂಪು ಸೂಜಿ ಕೆಂಪು ದಾರದ ಮ್ಯಾಲ ಬಂದ್ರ ಕಳದುಹೋಗ್ತೈತಿ, ಸುತ್ತ ಒಂದ್ ಚುಕ್ಕಿ ಬಿಳಿ ಅಂಚು, ಅದರ ಹೊರಗ ಒಂದ್ ಚುಕ್ಕಿ ಕಪ್ಪು ಅಂಚು ಕೊಟ್ರ ಯಾವ ಬಟ್ಟಿ ಮ್ಯಾಲನೂ ಎದ್ದು ಕಾಣ್ತೈತಿ. ಆ ಸೂಜಿನ ಫೋಟೋ ಇರೋ ಪಿಕ್ಚರ್‌ಬಾಕ್ಸ್ ಒಂದಕ್ಕೇ ಕೊಡ್ರಿ, ಫಾರ್ಮ್‌ಗೆ ಕೊಟ್ರ ಒಳಗಿನ ಬಟನ್, ಲಿಸ್ಟ್ ಎಲ್ಲಾ ಅದನ್ನೇ ತಗೊಂತಾವ, ಸೂಜಿ ಇಟ್ಕೊಂಡು ಮೆನು ಒತ್ತೋದು ಯಾರಿಗೂ ಹಿತ ಅನ್ಸಂಗಿಲ್ಲ.

ಪ್ರಶ್ನೆ: ಎಲ್ಲಾ ಬಟನ್ ಮ್ಯಾಲೂ ಕೈ ಗುರ್ತಿನ ಕರ್ಸರ್ ಹಾಕಿದ್ರ ಚಂದ ಅಲ್ಲೇನ್ರಿ?
— ಸಿರುಗುಪ್ಪ

ಉತ್ತರ: ಹಾಕಬ್ಯಾಡ್ರಿ. ವಿಂಡೋಸ್ ಪ್ರೋಗ್ರಾಂನ್ಯಾಗ ಕೈ ಅಂದ್ರ ಲಿಂಕ್, ಒತ್ತಿದ್ರ ಬ್ಯಾರೆ ಪೇಜಿಗೆ ಹೋಗ್ತೈತಿ ಅಂತ ಅರ್ಥ, ಮೈಕ್ರೋಸಾಫ್ಟ್‌ನ ವಿನ್ಯಾಸದ ನಿಯಮಾನೂ ಅದೇ. ಬಟನ್ ನೋಡಿದ್ರೇ ಬಟನ್ ಅಂತ ಗೊತ್ತಾಗಬೇಕು, ಮೌಸ್ ಒಯ್ದಾಗ ಗೊತ್ತಾಗ್ತೈತಿ ಅಂದ್ರ ಬಟನ್ ಬರದಿರೋದೇ ಸರಿ ಇಲ್ಲ.

ಪ್ರಶ್ನೆ: ನಾನು ನಿವೃತ್ತ ಮಾಸ್ತರ, ಊರು ಕೊಪ್ಪಳ. ಗವಿಮಠ, ಪಾಲ್ಕಿಗುಂಡಿನ ಅಶೋಕನ ಶಾಸನಗಳ ಬಗ್ಗೆ ಮಕ್ಕಳಿಗೆ ತಿಳಿಯುವ ಹಾಗೆ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡ್ತಾ ಇದ್ದೀನಿ. ಕಣ್ಣು ಮಂಜು. ಮೌಸಿನ ಬಾಣ ಎಲ್ಲಿದೆ ಅಂತ ಹುಡುಕೋದರಲ್ಲೇ ಸಾಕಾಗ್ತದೆ, ಟೈಪ್ ಮಾಡುವ ಜಾಗದ ಸಣ್ಣ ಗೆರೆಯೂ ಕಾಣೋದಿಲ್ಲ. ಮೊಮ್ಮಗ ಬಾಣ ದೊಡ್ಡದು ಮಾಡಿಕೊಟ್ಟ, ಒಂದು ಪ್ರೋಗ್ರಾಂ ಒಳಗೆ ಹೋದರೆ ಮಾತ್ರ ಮತ್ತೆ ಸಣ್ಣದಾಗ್ತದೆ.

ಉತ್ತರ: ಮಾಸ್ತರ, ನೀವು ಮಾಡಾಕತ್ತಿರೋ ಕೆಲಸ ದೊಡ್ದು, ಕಣ್ಣಿಗೆ ಅಷ್ಟು ತ್ರಾಸ ಕೊಟ್ಕೋಬ್ಯಾಡ್ರಿ. ವಿಂಡೋಸ್ 11 ಇದ್ರ ಸೆಟ್ಟಿಂಗ್ಸ್ ಒಳಗ ಆಕ್ಸೆಸಿಬಿಲಿಟಿ, ಅದರ ಒಳಗ ಮೌಸ್ ಪಾಯಿಂಟರ್ ಅಂಡ್ ಟಚ್ ಅಂತ ಐತಿ, ವಿಂಡೋಸ್ 10 ರಾಗ ಇದೇ ಈಸ್ ಆಫ್ ಆಕ್ಸೆಸ್ ಒಳಗ ಸಿಗ್ತೈತಿ. ಸೈಜ್ 1 ರಿಂದ 15 ರ ತನಕ ಎಳೀಬಹುದು, ನಿಮಗ 4 ಅಥವಾ 5 ಸಾಕಾಗಬಹುದು, ಭಾಳ ದೊಡ್ದು ಮಾಡಿದ್ರ ಅಕ್ಷರಾನೇ ಮುಚ್ಚತೈತಿ. ಅಲ್ಲೇ ಬಣ್ಣನೂ ಆರಿಸಬಹುದು, ಬಿಳಿ ಹಾಳಿ ಮ್ಯಾಲ ಬರಿಯೋರಿಗೆ ಬಿಳಿ ಬಾಣ ಇಟ್ಟಿರ್ತಾರ, ಅದನ್ನ ಕಡು ಗುಲಾಬಿ ಇಲ್ಲಾ ಕೆಂಪು ಮಾಡಿ ನೋಡ್ರಿ. ಟೈಪ್ ಮಾಡೋ ಗೆರಿಗೆ ಅದೇ ಆಕ್ಸೆಸಿಬಿಲಿಟಿ ಒಳಗ ಟೆಕ್ಸ್ಟ್ ಕರ್ಸರ್ ಅಂತ ಬ್ಯಾರೆ ಐತಿ, ಗೆರಿ ದಪ್ಪ ಮಾಡಬಹುದು, ಅದರ ಮ್ಯಾಲ ಕೆಳಗ ಬಣ್ಣದ ಗುಂಡು ಬರೋ ಹಂಗ ಇಂಡಿಕೇಟರ್ ಆನ್ ಮಾಡಬಹುದು. ಬಾಣ ಕಳದಾಗ ಹುಡುಕಾಕ ಇನ್ನೊಂದ್ ಸೌಲಭ್ಯ ಐತಿ, ಕಂಟ್ರೋಲ್ ಪ್ಯಾನೆಲ್ ಒಳಗ ಮೌಸ್, ಅದ್ರಾಗ ಪಾಯಿಂಟರ್ ಆಪ್ಶನ್ಸ್, ಅಲ್ಲಿ ಕೊನೇ ಟಿಕ್ ಹಾಕಿದ್ರ ಕಂಟ್ರೋಲ್ ಕೀ ಒತ್ತಿ ಬಿಟ್ಟಾಗ ಬಾಣದ ಸುತ್ತ ವೃತ್ತ ಮೂಡ್ತೈತಿ.

ಒಂದ್ ಪ್ರೋಗ್ರಾಂ ಒಳಗ ಮಾತ್ರ ಸಣ್ಣದಾಗೋದು ಯಾಕಂದ್ರ ಆ ಪ್ರೋಗ್ರಾಂ ಮಾಡಿದವರು ವಿಂಡೋಸ್‌ದು ಬಿಟ್ಟು ತಮ್ಮದೇ ಚಿತ್ರದ ಕರ್ಸರ್ ಹಾಕ್ಯಾರ. ನೀವು ಸೆಟ್ಟಿಂಗ್ಸ್‌ನ್ಯಾಗ ಕೊಟ್ಟ ಸೈಜು, ಬಣ್ಣ ವಿಂಡೋಸ್‌ನ ಸ್ವಂತ ಕರ್ಸರ್‌ಗಳಿಗೆ ಹತ್ತತಾವ, ಪ್ರೋಗ್ರಾಂ ತಂದ ಚಿತ್ರಕ್ಕ ಸಾಮಾನ್ಯವಾಗಿ ಹತ್ತಂಗಿಲ್ಲ. ನಿಮ್ಮ ಕಡಿಯಿಂದ ಮಾಡೋದು ಇಷ್ಟು, ಆ ಪ್ರೋಗ್ರಾಂನ ಆಪ್ಶನ್ಸ್ ಒಳಗ ಸಿಸ್ಟಮ್ ಕರ್ಸರ್ ಬಳಸು ಅಂತ ಏನರ ಐತೇನು ಮೊಮ್ಮಗನ ಕೈಲೆ ನೋಡಿಸ್ರಿ. ಬಳ್ಳಾರಿ ಅಣ್ಣಾರಿಗೂ ಈ ಮಾತು ಹೇಳಬೇಕಿತ್ತು: ಸೂಜಿ ಕರ್ಸರ್ ಫೈಲಿನ್ಯಾಗ 32 ರ ಜೋಡಿ 48, 64 ಸೈಜಿಂದೂ ಸೇರಿಸ್ರಿ, ಒಂದೇ ಫೈಲಿನ್ಯಾಗ ಎಲ್ಲಾ ಹಿಡಿಸ್ತಾವ, ಮತ್ತ ಪ್ರೋಗ್ರಾಂನ್ಯಾಗ "ಮಾಮೂಲಿ ಬಾಣ" ಅಂತ ಒಂದ್ ಟಿಕ್ ಇಡ್ರಿ, ಯೂನಿಟ್‌ನ್ಯಾಗ ಕಣ್ಣು ಮಂಜಾದ ಮಾಸ್ಟರ್‌ಗಳು ಇದ್ದೇ ಇರ್ತಾರ.